ಯಾಕೋಬನಿಗೆ ಒಂದೇ ವಚನ

ಎಲ್ಲರೂ ಕೂತ್ಕೊಳ್ಳಿ. ಯೌವನಸ್ಥರೇ, ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ತೆಗೆಯಿರಿ. ಫೋನಲ್ಲಾದರೂ ಪರವಾಗಿಲ್ಲ, ವಾಟ್ಸಾಪ್ ಮಾತ್ರ ಮುಚ್ಚಿ.

ಹೋದ ತಿಂಗಳು ಇಲ್ಲೇ ನಿಂತು ನಿಮಗೊಂದು ಸಾಕ್ಷಿ ಹೇಳಿದ್ದೆ, ನೆನಪಿದೆಯಾ? ಅರ್ಮೇನಿಯನ್ನರ ಕಾರಾ ಕಾಲಾ ಎಂಬ ಹಳ್ಳಿ. ಅಕ್ಷರ ಕಲಿಯದ ಒಬ್ಬ ಹುಡುಗನಿಗೆ ದರ್ಶನ: ದೊಡ್ಡ ಸಂಹಾರ ಬರುತ್ತೆ, ಸಮುದ್ರ ದಾಟಿ ಹೋಗಿಬಿಡಿ ಅಂತ. ಸುಮಾರು ಐವತ್ತು ವರ್ಷ ಕಳೆದ ಮೇಲೆ, ಆ ಮಾತನ್ನು ನಂಬಿದ ಕುಟುಂಬಗಳು ಗಂಟುಮೂಟೆ ಕಟ್ಟಿದವು. ಶಕಾರಿಯನ್ ಕುಟುಂಬ 1905ರ ಸುಮಾರಿಗೆ ಲಾಸ್ ಏಂಜಲಿಸ್ ಸೇರಿತು. 1906ರಲ್ಲಿ ಅದೇ ಊರಿನ ಅಜೂಸಾ ಸ್ಟ್ರೀಟ್‌ನಲ್ಲಿ ಉಜ್ಜೀವನ! ಮೊಮ್ಮಗ ಡಿಮಾಸ್ ಶಕಾರಿಯನ್ 1951ರಲ್ಲಿ ಫುಲ್ ಗಾಸ್ಪೆಲ್ ಬಿಸಿನೆಸ್ ಮೆನ್ಸ್ ಫೆಲೋಶಿಪ್ ಶುರುಮಾಡಿದರು. ನೀವು ಚಪ್ಪಾಳೆ ತಟ್ಟಿದಿರಿ, ನನಗೂ ಖುಷಿಯಾಯ್ತು.

ಕೂಟ ಮುಗಿದ ಮೇಲೆ ಒಬ್ಬ ತಂಗಿ ಬಂದು ಕೇಳಿದಳು: "ಪಾಸ್ಟರ್, ಉಳಿದವರು? ಅವರೂ ವಿಶ್ವಾಸಿಗಳೇ ಅಲ್ವಾ? ಅವರಿಗೆ ಯಾಕೆ ದೇವರು ಹೇಳಲಿಲ್ಲ?"

ಕೆಲವೇ ವಾರಗಳ ಹಿಂದೆ ಅವಳ ಅಣ್ಣನನ್ನು ಮಣ್ಣು ಮಾಡಿದ್ದೆವು. ನಾವೆಲ್ಲ ಉಪವಾಸವಿದ್ದು ಪ್ರಾರ್ಥಿಸಿದ್ದೆವು. ನಾನು ಏನೋ ಎರಡು ಮಾತು ಹೇಳಿ ಕಳಿಸಿಬಿಟ್ಟೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಾನು ನಿಮಗೆ ಅರ್ಧ ಕಥೆ ಮಾತ್ರ ಹೇಳಿದ್ದೆ.

ಉಳಿದ ಅರ್ಧ ಇವತ್ತು ಕೇಳಿ. ಈ ಅರ್ಮೇನಿಯನ್ನರು ನಮಗೆ ತೀರಾ ಹೊರಗಿನವರಲ್ಲ. ಚೆನ್ನೈನ ಅರ್ಮೇನಿಯನ್ ಸ್ಟ್ರೀಟ್‌ನಲ್ಲಿ 1772ರ ಅವರ ಚರ್ಚ್ ಇವತ್ತಿಗೂ ಇದೆ. 301ರಲ್ಲೇ ಇಡೀ ರಾಜ್ಯ ಕ್ರಿಸ್ತನನ್ನು ಒಪ್ಪಿಕೊಂಡಿತು ಎಂಬುದು ಅವರ ಪರಂಪರೆ. ಬಹುಪಾಲು ಜನ ಒಟ್ಟೊಮನ್ ಸಾಮ್ರಾಜ್ಯದಲ್ಲಿದ್ದರು. 1895ರ ಡಿಸೆಂಬರ್‌ನಲ್ಲಿ ಉರ್ಫಾ ಪಟ್ಟಣದಲ್ಲಿ ಜನ ಜೀವ ಉಳಿಸಿಕೊಳ್ಳಲು ಚರ್ಚಿಗೆ ಓಡಿದರು. ಚರ್ಚಿಗೇ ಬೆಂಕಿ ಇಟ್ಟರು. ಸುಮಾರು 3,000 ಜನ. ದೇವರ ಮನೆಯೊಳಗೆ, ಮಕ್ಕಳೇ.

ಆಮೇಲೆ ಮೊದಲನೇ ಮಹಾಯುದ್ಧ. ಇವರು ರಷ್ಯಾದ ಕಡೆಯವರು ಅಂತ ಸರ್ಕಾರ ಇಡೀ ಜನಾಂಗದ ಮೇಲೆ ಅನುಮಾನ ಹೊರಿಸಿತು. 1915ರ ಏಪ್ರಿಲ್ 24ರ ರಾತ್ರಿ ಇಸ್ತಾಂಬುಲ್‌ನಲ್ಲಿ ಲೇಖಕರು, ವೈದ್ಯರು, ಪಾದ್ರಿಗಳು, ಹೀಗೆ ಸುಮಾರು 250 ಮುಖಂಡರ ಬಂಧನ. ಗಂಡಸರನ್ನು ಬೇರ್ಪಡಿಸಿ ಕೊಂದರು. ಹೆಂಗಸರು, ಮಕ್ಕಳು, ಮುದುಕರನ್ನು ಅನ್ನ ನೀರಿಲ್ಲದೆ ಸಿರಿಯಾದ ಮರುಭೂಮಿಗೆ, ದೇರ್ ಎಜ್‌ಜೋರ್‌ಗೆ ನಡೆಸಿದರು. ಸತ್ತವರು 6 ಲಕ್ಷದಿಂದ 15 ಲಕ್ಷ ಅಂತ ಲೆಕ್ಕಗಳಿವೆ. ಅದನ್ನು ನರಮೇಧ ಅಂತ ಒಪ್ಪಿಕೊಳ್ಳಲು ಟರ್ಕಿ ಸರ್ಕಾರ ಇವತ್ತಿಗೂ ತಯಾರಿಲ್ಲ.

ಆ ಓಡಾಟದ ನಡುವೆ ಮುಷ್ ಪ್ರಾಂತ್ಯದ ಇಬ್ಬರು ಹೆಂಗಸರು ಹಾಳುಬಿದ್ದ ಮಠದಲ್ಲಿ ಒಂದು ಪುಸ್ತಕ ಕಂಡರು. ಚರ್ಮದ ಹಾಳೆಗಳ ಮೇಲೆ ಕೈಯಲ್ಲಿ ಬರೆದದ್ದು, 700 ವರ್ಷ ಹಳೆಯದು, ತೂಕ ಸುಮಾರು 28 ಕೆಜಿ. ಹೊರಲಾಗದೆ ಎರಡು ಭಾಗ ಮಾಡಿಕೊಂಡರು. ಒಬ್ಬಳು ತನ್ನ ಭಾಗವನ್ನು ಎಚ್ಮಿಯಾಡ್ಜಿನ್‌ಗೆ ತಲುಪಿಸಿದಳು. ಇನ್ನೊಬ್ಬಳು ದಾರಿಯಲ್ಲೇ ಸತ್ತಳು. ಅವಳ ಭಾಗ ಎರ್ಜುರುಮ್‌ನಲ್ಲಿ ಮಣ್ಣಿನಡಿ ಹೂತಿತ್ತು, ಆಮೇಲೆ ಸಿಕ್ಕಿತು. ಈಗ ಎರಡೂ ಯೆರೆವಾನ್‌ನಲ್ಲಿ ಜೊತೆಗಿವೆ. ಅದೇನು ಪುಸ್ತಕ ಗೊತ್ತಾ? ಪ್ರಸಂಗಗಳದು! ನನ್ನ ಪ್ರಸಂಗವನ್ನು ಯಾರಾದರೂ ಬಸ್‌ಸ್ಟಾಪ್ ತನಕ ಹೊತ್ತರೂ ಸಾಕು ಅನ್ಸುತ್ತೆ. ನಗ್ತೀರಾ, ನಗಿ.

ಈಗ 12ನೇ ಅಧ್ಯಾಯ ನೋಡಿ. ಅದೇ ಹೆರೋದ, ಅದೇ ಸಭೆ. ಪೇತ್ರನ ಬೇಡಿ ಕಳಚಿತು, ಕಬ್ಬಿಣದ ಬಾಗಿಲು ತಾನಾಗಿ ತೆರೆಯಿತು. ಆದರೆ ಎರಡನೇ ವಚನದಲ್ಲಿ ಯಾಕೋಬನು ಕತ್ತಿಗೆ ಸತ್ತಾಗಿದೆ. ಪೇತ್ರನಿಗೆ ಹದಿನೈದು ವಚನ, ಯಾಕೋಬನಿಗೆ ಒಂದು. ಯಾಕೋಬನ ವಿಶ್ವಾಸ ಕಡಿಮೆಯಿತ್ತಾ? ಸಭೆ ಅವನಿಗಾಗಿ ಪ್ರಾರ್ಥಿಸಲಿಲ್ಲವಾ? ನಾನು ಹಾಗೆ ನಂಬಲ್ಲ. ಯಾಕೆ ಹೀಗೆ ಅಂತ ಲೂಕನು ಹೇಳುವುದಿಲ್ಲ. ನನಗೂ ಗೊತ್ತಿಲ್ಲ, ತಂಗಿ. ನಿಮ್ಮಣ್ಣನ ವಿಷಯದಲ್ಲೂ ಗೊತ್ತಿಲ್ಲ. ಅವತ್ತೇ ಇದನ್ನು ಹೇಳಬೇಕಿತ್ತು, ಕ್ಷಮಿಸು. ವಿಶ್ವಾಸ ಸಾಲಲಿಲ್ಲ ಅಂತ ಯಾರಾದರೂ ನಿನಗೆ ಹೇಳಿದರೆ, ಈ ಎರಡನೇ ವಚನ ತೋರಿಸು.

ಇನ್ನೊಂದು ಮಾತು. ಇದನ್ನು ಕೇಳಿ ನಿಮ್ಮ ಪಿಜಿಯ, ಆಫೀಸಿನ ಮುಸ್ಲಿಂ ಗೆಳೆಯರ ಮೇಲೆ ಮನಸ್ಸು ಕೆಡಿಸಿಕೊಂಡರೆ ನೀವು ನನ್ನನ್ನು ತಪ್ಪಾಗಿ ಕೇಳಿಸಿಕೊಂಡಿದ್ದೀರಿ. ಅಲೆಪ್ಪೊದ ಗವರ್ನರ್ ಜೆಲಾಲ್ ಬೇ ಮುಸ್ಲಿಮರೇ. ಗಡೀಪಾರಿನ ಆಜ್ಞೆಗೆ ಒಪ್ಪಲಿಲ್ಲ. ಕೊನ್ಯಕ್ಕೆ ಎತ್ತಂಗಡಿ ಮಾಡಿದರು. ಅಲ್ಲೂ ಸಾವಿರಾರು ಜನರನ್ನು ಉಳಿಸಿದರು, ಕೊನೆಗೆ ಹುದ್ದೆ ಕಳೆದುಕೊಂಡರು. ನಮ್ಮ ಆಫೀಸಿನಲ್ಲಿ ಮೇಲಿನಿಂದ ತಪ್ಪು ಆರ್ಡರ್ ಬಂದಾಗ ನಾವು ಏನ್ ಮಾಡ್ತೀವಿ? ನಾನೂ ಹತ್ತು ವರ್ಷ ಕೆಲಸ ಮಾಡಿದವನೇ, ಬಹಳ ಸಲ ಸುಮ್ಮನಿದ್ದೆ.

ಎದ್ದು ನಿಲ್ಲೋಣ. ಬಾಗಿಲು ತೆರೆಯದ ಮನೆಯವರು ಇಲ್ಲಿದ್ದರೆ ಮುಂದೆ ಬನ್ನಿ, ನಾನು ಯಾವ ಪ್ರವಾದನೆಯನ್ನೂ ಹೇಳಲ್ಲ, ಜೊತೆಗೆ ಮೊಣಕಾಲೂರುತ್ತೇನೆ ಅಷ್ಟೇ. ಕೀಬೋರ್ಡ್ ಬೇಡ ತಮ್ಮಾ, ಸ್ವಲ್ಪ ಹೊತ್ತು ಹಾಗೇ ಇರಲಿ.