ನೆಲದೊಳಗಿನ ಕಾವು

ಕುಲಗೋಡದ ಸುತ್ತಣ ಸೀಮೆಯಲ್ಲಿ ಹಗೇವಿನ ಮಾತು ಕೇಳದ ಹಿರಿಯರು ವಿರಳ. ಸುಗ್ಗಿಯ ಜೋಳವನ್ನು ನೆಲದೊಳಗಿಟ್ಟು ಬರಗಾಲಕ್ಕೆ ತೆಗೆಯುತ್ತಿದ್ದರು. ಈಗಿನ ಶಾಸ್ತ್ರಜ್ಞರು ಕಾಳಿನಂತೆ ಕಾವನ್ನೂ ನೆಲದಲ್ಲಿ ಕೂಡಿಡುತ್ತಾರೆ. ಸುಮಾರು 10 ಮೀಟರು ಆಳದಲ್ಲಿ ಋತುಭೇದವು ಬಹುಮಟ್ಟಿಗೆ ಇಲ್ಲ. ವರ್ಷದ ಸರಾಸರಿ ಉಷ್ಣತೆಯೇ ಅಲ್ಲಿ ನೆಲೆಸಿರುತ್ತದೆ. ಕೊಳವೆಗಳಲ್ಲಿ ನೀರು ಹರಿಯಿಸಿ, ಯಂತ್ರದ ನೆರವಿನಿಂದ ಬೇಸಿಗೆಯಲ್ಲಿ ಮನೆಯ ಕಾವನ್ನು ಕೆಳಗಿಳಿಸಬಹುದು. ಚಳಿಗಾಲದಲ್ಲಿ ಅದನ್ನೇ ಮೇಲೆತ್ತಿದರೆ ಮನೆ ಬೆಚ್ಚಗಾಗಿ ನೆಲವು ತಣಿಯುವುದು. ಹಾಲೆಂಡ್, ಸ್ವೀಡನ್ ದೇಶಗಳಲ್ಲಿ ಇದು ರೂಢಿಯಲ್ಲಿದೆ.

ಕೊಟ್ಟು ಕೊಳ್ಳುವ ಈ ವ್ಯವಹಾರವು ಚಳಿದೇಶಗಳಿಗೆ ಸಹಜವಾದುದು. ನಮ್ಮ ಚಳಿಯಾದರೋ ಒಂದು ಕಂಬಳಿಯಷ್ಟು. ಇಲ್ಲಿ ಕಾವನ್ನು ಮರಳಿ ಬೇಡುವವರಾರು? ಲಂಡನ್ನಿನ ಸುರಂಗ ರೈಲುಗಳ ಸುತ್ತಣ ಜೇಡಿಮಣ್ಣು ಮೊದಲು ಸುಮಾರು 14 ಡಿಗ್ರಿಯಿದ್ದುದು, ಶತಮಾನ ಕಳೆಯುವಷ್ಟರಲ್ಲಿ ಹಲವೆಡೆ 20 ಡಿಗ್ರಿಯನ್ನು ಮೀರಿತು. ಗಾಡಿಗಳು ಸುರಿದ ಕಾವು ಮಣ್ಣಿನಲ್ಲಿಯೇ ಉಳಿಯಿತು.

ಹೊಲಕ್ಕೆ ಬದುವುಂಟು, ಕಾವಿಗೆ ಎಲ್ಲಿಯ ಬದು? ನನ್ನ ಕೋಣೆಯ ತಂಪಿಗಾಗಿ ಇಳಿಸಿದ ಕಾವು ಮೆಲ್ಲಮೆಲ್ಲನೆ ನೆರೆಯವನ ನೆಲಕ್ಕೆ ಸರಿದರೆ, ನಾಳೆ ಅವನ ಮಗನು ಕೊಳವೆ ಇಳಿಸುವಾಗ ಅಲ್ಲಿ ತಂಪು ಉಳಿದಿರದು. ಅವನಿಗೆ ತಿಳಿಯದೆ ನಡೆಯುವುದರಿಂದಲೇ ಇದು ನನಗೆ ಹೆಚ್ಚು ಅನ್ಯಾಯವೆಂದು ತೋರುತ್ತದೆ. ಪುಷ್ಯ ಮಾಘಗಳ ತಣ್ಣನೆಯ ರಾತ್ರಿಗಳಲ್ಲಿ ಆ ನೀರನ್ನು ಗಾಳಿಗೊಡ್ಡಿ, ನೆಲದ ಕಾವನ್ನು ಹೊರಹಾಕುವ ಉಪಾಯವೇನೋ ಉಂಟು. ಅದಕ್ಕೆ ಖರ್ಚು ತಗಲುವುದು. ಆ ಖರ್ಚಿಗೆ ಒಪ್ಪದವನಿಗೆ ಕೊಳವೆ ಇಳಿಸುವ ಅಧಿಕಾರವಿಲ್ಲವೆಂದೇ ನನ್ನ ಮತ.