ಕೊಳ್ಳುವವನ ಮೌನ

ವ್ಯಾಪಾರನೀತಿಯನ್ನು ಕುರಿತ ನಮ್ಮ ಉಪದೇಶಗಳು ಬಹುಮಟ್ಟಿಗೆ ಮಾರುವವನಿಗೇ ಮೀಸಲಾಗಿವೆ. ತೂಕದಲ್ಲಿ ಮೋಸ ಮಾಡಬಾರದು, ಕಲಬೆರಕೆ ಮಾಡಬಾರದು, ಸರಕಿನ ದೋಷವನ್ನು ಮುಚ್ಚಿಡಬಾರದು ಎಂದು ಅವನಿಗೆ ಹೇಳುತ್ತೇವೆ. ಕೊಳ್ಳುವವನಿಗಾದರೋ ಎಚ್ಚರಿಕೆಯಿಂದಿರು ಎಂಬ ಒಂದೇ ಮಾತು. ಹಾಗಾದರೆ ಕೊಳ್ಳುವವನಿಗೆ ಧರ್ಮವೆಂಬುದು ಇಲ್ಲವೇ? ಮಾರುವವನಿಗೆ ತಿಳಿಯದ ಸಂಗತಿಯೊಂದು ತನಗೆ ತಿಳಿದಿರುವಾಗ ಅವನು ಸುಮ್ಮನಿದ್ದು ಲಾಭ ಪಡೆಯಬಹುದೇ? ಈ ಪ್ರಶ್ನೆಯನ್ನು ಒಂದು ಸಾಮಾನ್ಯ ವಸ್ತುವನ್ನು ಎದುರಿಗಿಟ್ಟುಕೊಂಡು ವಿಚಾರಿಸುವುದು ಲೇಸು. ಆ ವಸ್ತು ಒಮ್ಮೆ ಬಳಸಿ ಮಾರಾಟಕ್ಕೆ ಬಂದ ಗಾಲ್ಫ್ ಡ್ರೈವರ್ ಆಗಿರಲಿ.

ಡ್ರೈವರ್ ಎಂದರೆ ಚೆಂಡನ್ನು ಅತಿ ದೂರಕ್ಕೆ ಹೊಡೆಯಲು ಬಳಸುವ ಉದ್ದನೆಯ ಕೋಲು. ಒಂದು ಕಾಲಕ್ಕೆ ಅದರ ತಲೆ ಪರ್ಸಿಮನ್ ಮರದ್ದಾಗಿತ್ತು. 1979ರಲ್ಲಿ ಅಮೆರಿಕದ ಗ್ಯಾರಿ ಆಡಮ್ಸ್ ಸ್ಥಾಪಿಸಿದ ಟೇಲರ್‌ಮೇಡ್ ಸಂಸ್ಥೆಯು ಉಕ್ಕಿನ ತಲೆಯನ್ನು ಬಳಕೆಗೆ ತಂದಿತು. 1991ರಲ್ಲಿ ಕ್ಯಾಲವೇ ಸಂಸ್ಥೆಯ ‘ಬಿಗ್ ಬರ್ತಾ’ ಬಂದಿತು. ಅನಂತರ ಟೈಟೇನಿಯಮ್ ಬಂದು ತಲೆಯ ಗಾತ್ರ ಇನ್ನೂ ಬೆಳೆಯಿತು. ಈ ಸ್ಪರ್ಧೆಗೆ ಆಟದ ನಿಯಾಮಕ ಸಂಸ್ಥೆಗಳು ಕಡಿವಾಣ ಹಾಕಿದವು. ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರಬಾರದು, ಮುಖದ ಪುಟಿಯುವಿಕೆಯೂ ನಿಗದಿತ ಮಿತಿಯಲ್ಲಿರಬೇಕು ಎಂಬ ನಿಯಮಗಳು ಜಾರಿಗೆ ಬಂದು ಎರಡು ದಶಕಗಳೇ ಕಳೆದಿವೆ. ಆದಕಾರಣ ಐದಾರು ವರ್ಷ ಹಳೆಯದಾದ ಒಳ್ಳೆಯ ಡ್ರೈವರ್‌ಗೂ ಹೊಸದಕ್ಕೂ ಚೆಂಡು ಕ್ರಮಿಸುವ ದೂರದಲ್ಲಿ ಮಹತ್ತರ ಅಂತರವಿರುವುದಿಲ್ಲ. ಆದರೆ ಸಂಸ್ಥೆಗಳು ಹೊಸ ಹೊಸ ಮಾದರಿಗಳನ್ನು ಬಿಡುತ್ತಲೇ ಇರುವುದರಿಂದ ಹಳೆಯದರ ಬೆಲೆ ಬೇಗನೆ ಇಳಿಯುತ್ತದೆ. 2024ರಲ್ಲಿ ಪ್ರಮುಖ ಸಂಸ್ಥೆಗಳ ಹೊಸ ಡ್ರೈವರ್ ಸುಮಾರು 600 ಡಾಲರ್ ಬೆಲೆ ಬಾಳುತ್ತಿದ್ದಾಗ, ಕೆಲವು ವರ್ಷ ಹಳೆಯದು ಅದರ ಅರ್ಧಕ್ಕೂ ಕಡಿಮೆಗೆ ದೊರೆಯುತ್ತಿತ್ತು. ಬೆಲೆ ಇಳಿದರೂ ಗುಣ ಅಷ್ಟಾಗಿ ಇಳಿಯದ ಈ ಅಂತರದಲ್ಲಿಯೇ ಜಾಣ ಗ್ರಾಹಕನ ಲಾಭವಿದೆ. ಇದರಲ್ಲಿ ದೋಷವೇನೂ ಇಲ್ಲ. ಇರುವ ವಸ್ತು ಪೂರ್ತಿಯಾಗಿ ಬಳಕೆಯಾಗುವುದು ಮಿತವ್ಯಯದ ಲಕ್ಷಣವೇ ಆಗಿದೆ.

ಆದರೆ ಇಂತಹ ಕೊಳ್ಳುವಿಕೆಗೆ ತಿಳಿವಳಿಕೆ ಬೇಕು. ತಲೆಯ ಮೇಲ್ಭಾಗದ ಗೀರುಗಳು ಕಣ್ಣಿಗೆ ಕೆಟ್ಟದಾಗಿ ಕಂಡರೂ ಬಹುತೇಕ ನಿರುಪದ್ರವಿ. ಹೊಡೆಯುವ ಮುಖದ ಮೇಲಿನ ಕೂದಲೆಳೆಯ ಬಿರುಕಾದರೋ ಮಾರಕ. ಸವೆದ ಹಿಡಿಯನ್ನು ಅಲ್ಪ ಖರ್ಚಿನಲ್ಲಿ ಬದಲಿಸಬಹುದು. ದಂಡದ ಬಿಗುವು ಆಟಗಾರನ ವೇಗಕ್ಕೆ ಹೊಂದದಿದ್ದರೆ ಕೋಲು ಅವನ ಪಾಲಿಗೆ ವ್ಯರ್ಥವೇ. ಅಲುಗಾಡಿಸಿದಾಗ ಒಳಗೆ ಸದ್ದಾದರೆ ಏನೋ ಸಡಿಲಗೊಂಡಿದೆ ಎಂದರ್ಥ. ಹೆಸರಾಂತ ಸಂಸ್ಥೆಗಳ ಮುದ್ರೆ ಹೊತ್ತ ನಕಲಿ ಕೋಲುಗಳೂ ಮಾರುಕಟ್ಟೆಯಲ್ಲಿವೆ. ಇವೆಲ್ಲ ಮಾರುವವನಿಗೆ ತಿಳಿದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆಯೇ ಕೆಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ, ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ನಮ್ಮ ಪ್ರಶ್ನೆ ಇದರ ವಿಪರ್ಯಾಯ. ತಿಳಿದವನು ಕೊಳ್ಳುವವನಾಗಿದ್ದರೆ?

ಒಂದು ಸಂದರ್ಭವನ್ನು ಊಹಿಸೋಣ. ಪತಿಯನ್ನು ಕಳೆದುಕೊಂಡ ಗೃಹಿಣಿಯೊಬ್ಬಳು ಮನೆ ಖಾಲಿ ಮಾಡುವಾಗ ಅವನ ಗಾಲ್ಫ್ ಸಾಮಗ್ರಿಯನ್ನು ಮಾರಾಟಕ್ಕಿಡುತ್ತಾಳೆ. ಹಳೆಯ ಕೋಲುಗಳೆಲ್ಲ ಒಂದೇ ಎಂದು ಬಗೆದು ಡ್ರೈವರ್‌ಗೆ 40 ಡಾಲರ್ ಹೇಳುತ್ತಾಳೆ. ಬಂದವನಿಗೆ ನೋಡಿದೊಡನೆ ತಿಳಿಯುತ್ತದೆ, ಅದು ಕಳೆದ ವರ್ಷದ ಮಾದರಿ, ಮುನ್ನೂರಕ್ಕೆ ಕಡಿಮೆಯಿಲ್ಲ. ಅವನು ಸುಳ್ಳು ಹೇಳಲಿಲ್ಲ, ಚೌಕಾಶಿ ಮಾಡಲಿಲ್ಲ, ಕೇಳಿದ ಹಣವನ್ನೇ ಕೊಟ್ಟ. ಅವನು ಮಾಡಿದ್ದು ಸರಿಯೇ?

ಕಾನೂನು ಸರಿಯೆನ್ನುತ್ತದೆ. 1815ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಒಬ್ಬ ವ್ಯಾಪಾರಿ, ಬ್ರಿಟನ್ನಿನೊಡನೆ ಶಾಂತಿ ಒಪ್ಪಂದವಾದ ಸುದ್ದಿಯನ್ನು ಮೊದಲೇ ತಿಳಿದು, ಅದನ್ನರಿಯದವರಿಂದ ಹೊಗೆಸೊಪ್ಪನ್ನು ಕೊಂಡನು; ಸುದ್ದಿ ಹರಡಿದೊಡನೆ ಬೆಲೆ ಶೇಕಡಾ 30ರಿಂದ 50ರಷ್ಟು ಏರಿತು. ತನಗೆ ತಿಳಿದುದನ್ನು ಹೇಳಲು ಕೊಳ್ಳುವವನು ಬದ್ಧನಲ್ಲ, ಆದರೆ ಎದುರಿನವನನ್ನು ವಂಚಿಸುವ ನುಡಿನಡೆಯೂ ಕೂಡದು ಎಂದು 1817ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಭಿಪ್ರಾಯಪಟ್ಟಿತು. ನಮ್ಮ 1872ರ ಕರಾರು ಕಾಯಿದೆಯ 17ನೆಯ ಪ್ರಕರಣವೂ ಕೇವಲ ಮೌನವನ್ನು ವಂಚನೆಯೆಂದು ಎಣಿಸುವುದಿಲ್ಲ. ಆದರೆ ಅಲ್ಲಿಯ ಒಂದು ದೃಷ್ಟಾಂತ ಮನನೀಯವಾಗಿದೆ. ದೋಷವುಳ್ಳ ಕುದುರೆಯನ್ನು ಹರಾಜಿನಲ್ಲಿ ಮೌನವಾಗಿ ಮಾರಿದರೆ ವಂಚನೆಯಲ್ಲ. ಕೊಳ್ಳುವವಳು ಈಗತಾನೇ ಪ್ರಾಪ್ತವಯಸ್ಕಳಾದ ಸ್ವಂತ ಮಗಳಾಗಿದ್ದರೆ ಹೇಳಲೇಬೇಕು. ಮಗಳ ವಿಷಯದಲ್ಲಿ ಮೌನ ಅಧರ್ಮವೆಂದು ಕಾನೂನೇ ಕಂಡಿದೆ. ಉಳಿದವರ ವಿಷಯದಲ್ಲಿ ಅದು ಧರ್ಮವಾಯಿತೆಂದಲ್ಲ. ಅಲ್ಲಿ ಕಾನೂನು ದಂಡಿಸುವುದಿಲ್ಲ, ಅಷ್ಟೇ.

ರೋಮ್ ದೇಶದ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದೇ ವಿವಾದವನ್ನೆತ್ತಿದ್ದಾನೆ. ಕ್ಷಾಮಪೀಡಿತ ರೋಡ್ಸ್ ದ್ವೀಪಕ್ಕೆ ಧಾನ್ಯ ತಂದ ವರ್ತಕನು, ಹಿಂದೆ ಇನ್ನಷ್ಟು ಹಡಗುಗಳು ಬರುತ್ತಿವೆಯೆಂದು ಜನರಿಗೆ ತಿಳಿಸಬೇಕೇ? ಬೇಕಿಲ್ಲವೆಂದು ಗುರು ಡಯೋಜಿನಿಸ್, ಬೇಕೆಂದು ಶಿಷ್ಯ ಆಂಟಿಪೇಟರ್. ಸಿಸೆರೊ ಶಿಷ್ಯನ ಪಕ್ಷವನ್ನೇ ಹಿಡಿದನು.

ಆದರೂ ಗುರುವಿನ ಪಕ್ಷವನ್ನು ಹಗುರವಾಗಿ ತಳ್ಳಿಹಾಕಲಾಗದು. ಪರಿಶ್ರಮದಿಂದ ಗಳಿಸಿದ ತಿಳಿವಳಿಕೆಗೆ ಫಲವಿಲ್ಲವೆಂದರೆ ಯಾರು ತಾನೇ ಕಲಿತಾರು? ಇಲ್ಲಿ ತಿಳಿವಳಿಕೆಯ ಬಗೆಗಳನ್ನು ವಿಂಗಡಿಸಬೇಕು. ‘ಈ ಮೃದುವಾದ ದಂಡ ನನ್ನ ನಿಧಾನದ ಹೊಡೆತಕ್ಕೆ ಹೊಂದುತ್ತದೆ’ ಎಂಬುದು ನನ್ನನ್ನು ಕುರಿತ ಅರಿವು, ಅದನ್ನು ಹೇಳಬೇಕಾಗಿಲ್ಲ. ‘ಇದು ಇನ್ನೂ ಹತ್ತು ವರ್ಷ ಬಾಳೀತು’ ಎಂಬುದು ಊಹೆ. ತಪ್ಪಿದರೆ ನಷ್ಟವೂ ನನ್ನದೇ. ಹಳೆಯ ಕೋಲುಗಳ ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡ ಅಂಗಡಿಯವನು ತಾನೇ ಲೆಕ್ಕಹಾಕಿ ಬೆಲೆ ಕಟ್ಟಿದ್ದಾನೆ. ಅವನು ನಮ್ಮಿಂದ ಪಾಠ ಬಯಸುವುದಿಲ್ಲ. ಆದರೆ ವಸ್ತುವನ್ನು ಕುರಿತ ಒಂದು ನೇರ ಸತ್ಯ, ಮಾರುವವಳು ಅರಿತಿದ್ದರೆ ಆ ಬೆಲೆಗೆ ಖಂಡಿತ ಮಾರದಿದ್ದಂತಹ ಸತ್ಯ, ಬೇರೆಯದೇ ಜಾತಿಗೆ ಸೇರಿದ್ದು. ಅದನ್ನು ಬಚ್ಚಿಟ್ಟಾಗ ಅವಳ ಸಮ್ಮತಿ ಹೆಸರಿಗೆ ಮಾತ್ರದ ಸಮ್ಮತಿ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯವ್ರತದ ಅತಿಚಾರಗಳನ್ನು ಹೇಳುವಾಗ ಕದ್ದ ಮಾಲನ್ನು ಕೊಳ್ಳುವುದನ್ನೂ ನಕಲಿ ಸರಕಿನ ವ್ಯವಹಾರವನ್ನೂ ಎಣಿಸಿದೆ. ನಂಬಲಾಗದಷ್ಟು ಅಗ್ಗವಾದ ಡ್ರೈವರ್ ಎದುರಿಗಿರುವಾಗ ಇವೆರಡನ್ನೂ ನೆನೆಯುವುದು ಯುಕ್ತ. ಅತಿ ಕಡಿಮೆ ಬೆಲೆಯೇ ಹಲವೊಮ್ಮೆ ಒಂದು ಸೂಚನೆ. ಕೊಳ್ಳುವವನ ಮೌನದ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ ಅದೇ ಅಧ್ಯಾಯ ಕಳವಿಗೆ ಕೊಡುವ ಲಕ್ಷಣ ಅದತ್ತಾದಾನ, ಕೊಡದಿದ್ದುದನ್ನು ತೆಗೆದುಕೊಳ್ಳುವುದು. ಆ ಗೃಹಿಣಿ ನಲವತ್ತು ಡಾಲರಿನ ಕೋಲನ್ನು ಕೊಟ್ಟಳು. ಉಳಿದ ಇನ್ನೂರ ಅರವತ್ತನ್ನು ಅವಳು ಕೊಟ್ಟಳೇ? ಇದೆಯೆಂದೇ ಅರಿಯದುದನ್ನು ಕೊಡುವುದು ಹೇಗೆ?

ಹಾಗೆಂದು ಗ್ರಾಹಕನು ಲಾಭವನ್ನೆಲ್ಲ ತೊರೆಯಬೇಕಾಗಿಲ್ಲ. ‘ತಾಯಿ, ಇದು ಮುನ್ನೂರು ಬಾಳುತ್ತದೆ, ನಾನು ಇನ್ನೂರು ಕೊಡಬಲ್ಲೆ’ ಎಂದು ಅವನು ಹೇಳಬಹುದು. ಬೇರೆ ಗಿರಾಕಿಯನ್ನು ಹುಡುಕುವ ತೊಂದರೆ ಬೇಡವೆಂದು ಅವಳು ಒಪ್ಪಬಹುದು. ಮಾತು ಮೆಚ್ಚಿ ನಲವತ್ತಕ್ಕೇ ಕೊಡಲೂಬಹುದು. ಆಗ ಪಡೆದ ಲಾಭ ಅವಳು ಅರಿತು ಕೊಟ್ಟದ್ದು. ಅಗ್ಗವಾಗಿ ಕೊಳ್ಳುವುದು ತಪ್ಪಲ್ಲ; ಕೊಟ್ಟವರಿಗೆ ತಾವು ಏನನ್ನು ಕೊಟ್ಟೆವೆಂದು ತಿಳಿದಿರಬೇಕು.

ಅಂತಹ ಮಾತನ್ನಾಡಲು ನಾಲಗೆ ತಡೆದರೆ, ತಡೆದದ್ದು ಏಕೆಂದು ತನ್ನನ್ನೇ ಕೇಳಿಕೊಳ್ಳಲಿ. ಮನೆಗೆ ಒಯ್ದ ಮೇಲೆ ಅವಳೆದುರು ಅದರ ನಿಜವಾದ ಬೆಲೆಯನ್ನು ನಾಚದೆ ಹೇಳಬಲ್ಲನಾದರೆ ಕೊಂಡದ್ದು ನ್ಯಾಯ. ಹೇಳಲಾರನಾದರೆ, ಆ ಇನ್ನೂರ ಅರವತ್ತು ಡಾಲರುಗಳು ಇನ್ನೂ ಅವಳವೇ.