ಕಣ್ಣಿನಿಂದ ಹೊರಟ ಕಿರಣ

ಕಣ್ಣು ತಾನು ಕಾಣುವ ವಸ್ತುವನ್ನು ಹೋಗಿ ಮುಟ್ಟುತ್ತದೆಯೋ, ಮುಟ್ಟದೆಯೇ ಕಾಣುತ್ತದೆಯೋ ಎಂಬುದು ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿದ ಪ್ರಶ್ನೆ. ಕಣ್ಣು ತೇಜಸ್ಸಿನಿಂದ ಆದದ್ದು, ಅದರ ಕಿರಣ ಹೊರಗೆ ಹರಿದು ವಸ್ತುವನ್ನು ಸೇರಿದಾಗಲೇ ನೋಟ ಸಾಧ್ಯ ಎಂದ ನ್ಯಾಯದರ್ಶನದವರು, ಅಂದರೆ ನೈಯಾಯಿಕರು, ಕಣ್ಣನ್ನು ‘ಪ್ರಾಪ್ಯಕಾರಿ’ (ಮುಟ್ಟಿ ಅರಿಯುವಂಥದು) ಎಂದು ಒಪ್ಪಿ, ಇರುಳಲ್ಲಿ ಸಂಚರಿಸುವ ಪ್ರಾಣಿಗಳ ಕಣ್ಣು ಹೊಳೆಯುವುದನ್ನು ಅದಕ್ಕೆ ಆಧಾರವಾಗಿ ತೋರಿಸಿದರು. ಕರ್ನಾಟಕದ ಜೈನ ಆಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದನ್ನು ನಿರಾಕರಿಸಿ, ಮುಟ್ಟಿಯೇ ಕಾಣುವುದಾದರೆ ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೆ ಕಾಣಬೇಕಿತ್ತು ಎಂಬ ಆಕ್ಷೇಪವನ್ನು ಮುಂದಿಟ್ಟರು. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಂದು 11ನೆಯ ಶತಮಾನದಲ್ಲಿ ಇಬ್ನ್ ಅಲ್-ಹೈಥಮ್ ಪ್ರತಿಪಾದಿಸಿದ ದಾರಿಯಲ್ಲೇ ಮುಂದಿನ ಭೌತವಿಜ್ಞಾನ ನಡೆಯಿತು. ಹೀಗಿದ್ದರೂ, ಇನ್ನೂ ಕಟ್ಟದ ಕೋಣೆಯೊಳಗೆ ಹಗಲಿನ ಬೆಳಕು ಹೇಗೆ ಬೀಳುತ್ತದೆಂದು ಲೆಕ್ಕ ಹಾಕಿ ತೋರಿಸುವ ‘ರೇಡಿಯನ್ಸ್’ ತಂತ್ರಾಂಶ, ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1980ರ ದಶಕದಲ್ಲಿ ಗ್ರೆಗ್ ವಾರ್ಡ್ ಬರೆಯತೊಡಗಿದ್ದು, ಕಿರಣವನ್ನು ಕಣ್ಣಿನಿಂದಲೇ ಹೊರಡಿಸುತ್ತದೆ.

ಇದಕ್ಕೆ ಕಾರಣ ಲೆಕ್ಕದ ಮಿತವ್ಯಯ. ಸೂರ್ಯನಿಂದ ಹೊರಟ ಅಸಂಖ್ಯ ಕಿರಣಗಳಲ್ಲಿ ನೋಡುವವನ ಕಣ್ಣನ್ನು ಸೇರುವುವು ತೀರ ಕೆಲವೇ ಆದ್ದರಿಂದ, ಎಲ್ಲವನ್ನೂ ಹಿಂಬಾಲಿಸುವ ಬದಲು ಕಣ್ಣಿನಿಂದ ಒಂದು ಗೆರೆಯನ್ನು ಹೊರಡಿಸಿ, ಅದು ತಾಗಿದ ಗೋಡೆಗೆ ಬೆಳಕು ಎಲ್ಲಿಂದ ಬಂತೆಂದು ವಿಚಾರಿಸಿ, ಅಲ್ಲಿಂದ ಎದುರಿನ ನೆಲವನ್ನೂ ಸೂರನ್ನೂ ಕಿಟಕಿಯಾಚೆಯ ಆಕಾಶವನ್ನೂ ಅದೇ ಪ್ರಶ್ನೆಯಿಂದ ವಿಚಾರಿಸುತ್ತ ಹೋಗುವ ಈ ಕ್ರಮವನ್ನು ಹಿಮ್ಮುಖ ಕಿರಣಾನುಸರಣೆ ಎನ್ನಬಹುದು. ಆಕಾಶವೂ ಇಲ್ಲಿ ಒಂದು ಸೂತ್ರ. ಪೂರ್ತಿ ಮೋಡ ಕವಿದ ಆಕಾಶದ ನೆತ್ತಿ ದಿಗಂತಕ್ಕಿಂತ ಮೂರು ಪಟ್ಟು ಉಜ್ವಲವೆಂದು 1942ರಲ್ಲಿ ಮೂನ್ ಮತ್ತು ಸ್ಪೆನ್ಸರ್ ಕೊಟ್ಟ ಮಾದರಿ ಇಂದಿಗೂ ಬಳಕೆಯಲ್ಲಿದೆ. ನೈಯಾಯಿಕರ ಕಿರಣ ನಿಜವಾಗಿ ಹರಿಯುವ ತೇಜಸ್ಸು, ರೇಡಿಯನ್ಸಿನ ಕಿರಣ ಬರಿಯ ಪ್ರಶ್ನೆ. ಆದರೆ ಹಿಮ್ಮುಖವಾಗಿ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಬರುವುದು ಆಕಸ್ಮಿಕವಲ್ಲ. ಬೆಳಕಿನ ಹಾದಿಯನ್ನು ತಿರುಗಿಸಿದರೂ ಅದು ಅದೇ ಹಾದಿಯಾಗಿ ಉಳಿಯುತ್ತದೆಂಬ, ಹೆಲ್ಮ್‌ಹೋಲ್ಟ್ಸ್ ಹೆಸರಿನಲ್ಲಿ ಪ್ರಸಿದ್ಧವಾದ ಪರಸ್ಪರತೆಯ ನಿಯಮ ಅದರ ಬೆನ್ನಿಗಿದೆ.

ಆಕಸ್ಮಿಕವಾಗಿ ಸರಿಯಾದ ಉತ್ತರ ಜ್ಞಾನವೇ ಎಂಬುದು ತರ್ಕಶಾಸ್ತ್ರದ ಹಳೆಯ ಚಿಂತೆ. ಬೆಟ್ಟದ ಮೇಲಿನ ಮಂಜನ್ನು ಹೊಗೆಯೆಂದು ಬಗೆದು ಅಲ್ಲಿ ಬೆಂಕಿಯಿದೆಯೆಂದು ಊಹಿಸಿದವನ ಮಾತು, ಬೆಂಕಿ ನಿಜಕ್ಕೂ ಇದ್ದುದರಿಂದ, ನಿಜವಾಯಿತು. ಆದರೂ ಅವನು ಬೆಂಕಿಯನ್ನು ಅರಿತನೆನ್ನಲು ಮನಸ್ಸು ಒಪ್ಪುವುದಿಲ್ಲ. ಲೆಕ್ಕ ಹಾಕಿದ ಬೆಳಕಿನ ಚಿತ್ರವೊಂದು ಮುಂದೆ ಬಂದಾಗ ಅದರ ಹಿಂದೆ ಇರುವುದು ಹೊಗೆಯೋ ಮಂಜೋ ಎಂದು ತಿಳಿಯುವ ದಾರಿ ಬೇಕು. ಸಂಶೋಧಕ ಜಾನ್ ಮರ್ಡಲ್ಯೆವಿಕ್ 1990ರ ದಶಕದಲ್ಲಿ ಇಂಗ್ಲೆಂಡಿನ ನೈಜ ಕೋಣೆಯಲ್ಲಿ ಅಳೆದ ಬೆಳಕನ್ನು, ಅದೇ ಹೊತ್ತಿನಲ್ಲಿ ಅಳೆದ ಆಕಾಶದ ಉಜ್ವಲತೆಯನ್ನು ಕೊಟ್ಟು ರೇಡಿಯನ್ಸ್ ಲೆಕ್ಕ ಹಾಕಿದ ಬೆಳಕಿನೊಡನೆ ಹೋಲಿಸಿ, ಆ ಲೆಕ್ಕ ನಂಬಲು ಯೋಗ್ಯವೆಂದು ತೋರಿಸಿದರು. ಜ್ಞಾನದ ಪ್ರಾಮಾಣ್ಯ ಅದರ ಹೊರಗಿನಿಂದ, ಸಫಲ ಪ್ರವೃತ್ತಿಯಿಂದ, ಗೊತ್ತಾಗುತ್ತದೆಂಬ ನ್ಯಾಯಮತಕ್ಕೆ ಇದು ಒಪ್ಪುವ ಪರೀಕ್ಷೆ. ಆದರೆ ಸಾಫಲ್ಯವೊಂದೇ ಮಂಜನ್ನು ಹೊಗೆಯಿಂದ ಬೇರ್ಪಡಿಸಲಾರದು, ಮಂಜಿನವನೂ ಸಫಲನಾಗಿದ್ದನಲ್ಲ. ಬೇರ್ಪಡಿಸಬೇಕಾದರೆ ಹೇತುವೇ, ಅಂದರೆ ಊಹೆಗೆ ಆಧಾರವಾದ ಕಾರಣವೇ, ಕಣ್ಣಿಗೆ ಬೀಳಬೇಕು.

ತಂತ್ರಾಂಶದ ಆಕರ ಸಂಕೇತ, ಅಂದರೆ ಲೆಕ್ಕದ ಪ್ರತಿಯೊಂದು ಹೆಜ್ಜೆಯನ್ನೂ ಬರೆದಿಟ್ಟ ಮೂಲಪಾಠ, ಎಲ್ಲರ ಓದಿಗೂ ತಿದ್ದುಪಡಿಗೂ ತೆರೆದಿರುವುದರ ತಾತ್ವಿಕ ಮಹತ್ವ ಇಲ್ಲಿದೆ. ರೇಡಿಯನ್ಸ್ 2002ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆಯಾಯಿತು. ಮುಚ್ಚಿದ ತಂತ್ರಾಂಶದ ಉತ್ತರ ಆಪ್ತವಾಕ್ಯದಂತೆ, ಹೇಳಿದವರ ಮೇಲಿನ ನಂಬಿಕೆಯೇ ಅದರ ಬಲ. ತೆರೆದದ್ದರ ಉತ್ತರ ಪರಾರ್ಥಾನುಮಾನದಂತೆ, ಪ್ರತಿಜ್ಞೆಯಿಂದ ನಿಗಮನದವರೆಗಿನ ಅವಯವಗಳನ್ನು ಬೇರೊಬ್ಬರ ಮುಂದೆ ಹರಡಿ ತೋರಿಸಿದ ಊಹೆ. ಆ ಪಾಠವನ್ನು ಓದುವವರು ಎಷ್ಟು ಮಂದಿ, ಉಳಿದವರೆಲ್ಲ ನಂಬುವವರೇ ಅಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಪ್ರತಿಯೊಂದು ಜ್ಞಾನಕ್ಕೂ ಇನ್ನೊಂದು ಜ್ಞಾನ ಪ್ರಮಾಣಪತ್ರ ಕೊಡುತ್ತ ಹೋದರೆ ಅನವಸ್ಥೆ, ಎಂದರೆ ಕೊನೆಯಿಲ್ಲದ ಸರಪಳಿ, ಉಂಟಾಗುತ್ತದೆ. ಮಧ್ವಮತ ಆ ಸರಪಳಿಯನ್ನು ಸಾಕ್ಷಿಯಲ್ಲಿ, ಅಂದರೆ ಅರಿಯುವವನ ಒಳಗಿನ ಅರಿವಿನಲ್ಲೇ, ನಿಲ್ಲಿಸಿ, ಪರೀಕ್ಷೆ ಬೇಕಾಗುವುದು ಸಂಶಯ ಎದ್ದಾಗ ಮಾತ್ರ ಎಂದಿತು. ಎಲ್ಲರೂ ಎಲ್ಲವನ್ನೂ ಪರೀಕ್ಷಿಸಬೇಕಿಲ್ಲ, ಸಂಶಯ ಎದ್ದವನಿಗೆ ಬಾಗಿಲು ತೆರೆದಿದ್ದರೆ ಸಾಕು ಎಂಬ ಈ ವಿವೇಕ ತಂತ್ರಾಂಶಕ್ಕೂ ಸಲ್ಲುತ್ತದೆ.

ಬೆಳಕಿನ ಲೆಕ್ಕದಲ್ಲೂ ಅನವಸ್ಥೆಯಿದೆ. ಗೋಡೆಯಿಂದ ನೆಲಕ್ಕೆ, ನೆಲದಿಂದ ಸೂರಿಗೆ ಬೆಳಕು ಪುಟಿಯುವುದಕ್ಕೆ ಕೊನೆಯಿಲ್ಲ. ಲೆಕ್ಕವನ್ನು ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು, ಆಚೆಗಿನ ಬೆಳಕಿಗೆ ಒಂದು ಸ್ಥಿರ ಅಂಕಿಯನ್ನು ಇಟ್ಟುಕೊಳ್ಳಬೇಕು. ರೇಡಿಯನ್ಸಿನಲ್ಲಿ ಹಾಗೆ ಎಷ್ಟು ಪುಟಿತಗಳನ್ನು ಲೆಕ್ಕ ಹಾಕಬೇಕೆಂದು ಹೇಳದೆ ಬಿಟ್ಟರೆ ಇರುವ ಸಂಖ್ಯೆ 0. ಬಳಕೆದಾರರು ತಾವೇ ಅದನ್ನು ಏರಿಸಬೇಕು, ಏರಿಸದಿದ್ದರೆ ಕಿಟಕಿಯಿಂದ ದೂರದ ಮೂಲೆ ನಿಜಕ್ಕಿಂತ ಕಪ್ಪಾಗುತ್ತದೆ. ಮನೆಯ, ಶಾಲೆಯ, ಆಸ್ಪತ್ರೆಯ ಬೆಳಕಿನ ಚಿತ್ರವನ್ನು ಯಾರಾದರೂ ತಂದು ಮುಂದಿಟ್ಟಾಗ ಅದರ ಅಂದವನ್ನು ನೋಡುವ ಮೊದಲು ಓದುಗರು ಒಂದು ಪ್ರಶ್ನೆ ಕೇಳಬೇಕು: ಲೆಕ್ಕ ಎಷ್ಟನೆಯ ಪುಟಿತಕ್ಕೆ ನಿಂತಿತು, ನಿಲ್ಲಿಸಿದವರು ಯಾರು?